ಪಂದ್ಯದ ಮೋಟಾರುಗಾಡಿಯೂ ಅದರ ಟೈರುಗಳೂ

ಮೋಟಾರುಗಾಡಿಯ ಮಾತು ಬಂದಾಗ ಜನರು ಮೊದಲು ವಿಚಾರಿಸುವುದು ಎಂಜಿನಿನ ಶಕ್ತಿಯನ್ನು. ಎಷ್ಟು ಕುದುರೆಯ ಬಲ, ಗಂಟೆಗೆ ಎಷ್ಟು ಮೈಲಿ ಓಡೀತು, ನಿಂತಲ್ಲಿಂದ ಹೊರಟು ಎಷ್ಟು ಹೊತ್ತಿನಲ್ಲಿ ವೇಗ ಹಿಡಿದೀತು ಎಂಬ ಪ್ರಶ್ನೆಗಳಾದ ಮೇಲೆ ಬಣ್ಣ, ಆಸನ, ಬೆಲೆಗಳ ವಿಚಾರ. ಟೈರಿನ ಸರದಿ ಬರುವುದು ಅದು ಪಂಕ್ಚರಾದಾಗ, ಇಲ್ಲವೆ ಸವೆದು ನುಣ್ಣಗಾದಾಗ. ಹೀಗಿದ್ದರೂ ಎಂಜಿನಿನ ಬಲ, ಬ್ರೇಕಿನ ಬಲ, ಚಾಲಕನ ಕೈಚಳಕ ಇವೆಲ್ಲವೂ ನೆಲವನ್ನು ಮುಟ್ಟುವುದಕ್ಕೆ ಟೈರಲ್ಲದೆ ಬೇರೆ ದಾರಿಯಿಲ್ಲ. ಈ ಸಂಗತಿಯನ್ನು ಬಹು ನಿಷ್ಠುರವಾಗಿ ತೋರಿಸಿಕೊಡುವ ಪಂದ್ಯವೊಂದಿದೆ. ಅದರ ಹೆಸರು ಆಟೋಕ್ರಾಸ್. ಬಲಿಷ್ಠವಾದ ಸ್ಪೋರ್ಟ್ಸ್ ಕಾರೊಂದನ್ನು ಈ ಪಂದ್ಯಕ್ಕೆ ಸಿದ್ಧಪಡಿಸುವಾಗ ಟೈರನ್ನು ಆರಿಸುವ ಬಗೆ ಯಾವುದು, ಆರಿಸಿದ ಮೇಲೆ ಗಾಡಿಯನ್ನು ಅದಕ್ಕೆ ಹೊಂದಿಸುವ ಬಗೆ ಯಾವುದು ಎಂಬುದನ್ನು ಈ ದಿನ ವಿವರಿಸಬೇಕೆಂದಿದ್ದೇವೆ. ಶ್ರೋತೃಗಳಲ್ಲಿ ಹೆಚ್ಚಿನವರು ಈ ಪಂದ್ಯದ ಬಯಲಿಗೆ ಇಳಿಯಲಾರರು. ಆದರೆ ಅಲ್ಲಿ ತಿಳಿದುಬರುವ ಅನೇಕ ಸಂಗತಿಗಳು ಮಳೆಗಾಲದಲ್ಲಿ ಘಟ್ಟ ಇಳಿಯುವ ಗೃಹಸ್ಥರಿಗೂ ಬೇಕಾದವೇ ಆಗಿವೆ.

ಆಟೋಕ್ರಾಸ್ ಎಂದರೆ ಅನೇಕ ಗಾಡಿಗಳು ಏಕಕಾಲದಲ್ಲಿ ಹೊರಟು ಒಂದನ್ನೊಂದು ಹಿಂದೆ ಹಾಕುವ ಓಟವಲ್ಲ. ಅಮೆರಿಕದಲ್ಲಿ, ಹಳೆಯ ವಿಮಾನನಿಲ್ದಾಣದ ಕಾಂಕ್ರೀಟು ಬಯಲಿನಲ್ಲಿಯೋ ವಿಶಾಲವಾದ ಡಾಂಬರು ಮೈದಾನದಲ್ಲಿಯೋ ಶಂಕುವಿನ ಆಕಾರದ ಕಿತ್ತಲೆ ಬಣ್ಣದ ಗುರುತುಗಳನ್ನಿಟ್ಟು ಅಂಕುಡೊಂಕಾದ ಹಾದಿಯೊಂದನ್ನು ರಚಿಸುತ್ತಾರೆ. ಗಾಡಿಗಳು ಬಿಡಿಬಿಡಿಯಾಗಿ ಆ ಹಾದಿಯಲ್ಲಿ ಓಡುತ್ತವೆ, ಗಡಿಯಾರವೇ ಎದುರಾಳಿ. ಒಂದು ಓಟ ಮುಗಿಯಲು ಸಾಮಾನ್ಯವಾಗಿ ಒಂದು ನಿಮಿಷ ಸಾಕು. ಎಷ್ಟೋ ವೇಳೆ ಅಷ್ಟೂ ಬೇಡ. ಕಾಲವನ್ನು ಸೆಕೆಂಡಿನ ಸಾವಿರದೊಂದು ಭಾಗದವರೆಗೆ ಅಳೆಯುತ್ತಾರೆ. ಶಂಕುವೊಂದನ್ನು ಉರುಳಿಸಿದರೆ ಎರಡು ಸೆಕೆಂಡು ದಂಡ. ಅಷ್ಟು ದಂಡ ತೆತ್ತವನಿಗೆ ಆ ಓಟದಲ್ಲಿ ಗೆಲುವಿನ ಆಸೆ ಬಹುಮಟ್ಟಿಗೆ ಮುಗಿಯಿತು. 1944ರಲ್ಲಿ ಸ್ಥಾಪಿತವಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಎಂಬ ಸಂಸ್ಥೆಯು 1973ರಿಂದ ಇದರ ರಾಷ್ಟ್ರೀಯ ಪಂದ್ಯವನ್ನು ನಡೆಸುತ್ತ ಬಂದಿದೆ. 2009ರಿಂದ ಅದಕ್ಕೆ ನೆಬ್ರಾಸ್ಕ ಪ್ರಾಂತದ ಲಿಂಕನ್ ನಗರದ ಕಾಂಕ್ರೀಟು ಬಯಲು ನೆಲೆಯಾಯಿತು. ಎರಡು ಬೇರೆ ಬೇರೆ ಹಾದಿಗಳಲ್ಲಿ ಮೂರು ಮೂರು ಓಟಗಳು. ಪ್ರತಿ ಹಾದಿಯ ಉತ್ತಮ ಕಾಲವನ್ನು ಕೂಡಿ ಫಲಿತಾಂಶ. ಮೂರು ದಿನ ಗಾಡಿ ನಡೆಸಿಕೊಂಡು ಬಂದವನೂ ಆರು ನಿಮಿಷ ಓಡಿ ಹಿಂದಿರುಗಬೇಕು.

ಇಲ್ಲಿ ಒಂದು ಮಾತನ್ನು ಹೇಳಿಬಿಡುವುದು ಒಳ್ಳೆಯದು. ನಮ್ಮ ದೇಶದಲ್ಲಿ, ಬೆಂಗಳೂರಿನ ಆಸುಪಾಸಿನಲ್ಲಿ ನಡೆಯುವವೂ ಸೇರಿ, ಆಟೋಕ್ರಾಸ್ ಎಂಬ ಹೆಸರಿನ ಪಂದ್ಯಗಳು ಬಹುಮಟ್ಟಿಗೆ ಮಣ್ಣಿನ ಹಾದಿಯಲ್ಲಿ ನಡೆಯತಕ್ಕವು. ಮಣ್ಣಿಗೆ ಬೇಕಾದ ಟೈರಿನ ಲಕ್ಷಣವೇ ಬೇರೆ. ನಾವು ಹೇಳಹೊರಟಿರುವುದು ಗಟ್ಟಿ ನೆಲದ ಅಮೆರಿಕನ್ ಪದ್ಧತಿಯನ್ನು ಕುರಿತು.

ವಿಷಯವು ಬರಿಯ ತತ್ತ್ವವಾಗಿ ಉಳಿಯಬಾರದೆಂದು ಒಂದು ಗಾಡಿಯನ್ನು ಮುಂದಿಟ್ಟುಕೊಳ್ಳೋಣ. 2001ರಿಂದ 2004ರವರೆಗೆ ತಯಾರಾದ ಷೆವರ್ಲೆ ಕಾರ್ವೆಟ್ ಝಡ್-06 ಎಂಬುದು ಈ ಪಂದ್ಯದಲ್ಲಿ ಬಹುಕಾಲದಿಂದ ಹೆಸರುವಾಸಿಯಾದ ವಾಹನ. ಮೊದಲನೆಯ ವರ್ಷ ಅದರ ಎಂಜಿನಿಗೆ 385 ಕುದುರೆಯ ಬಲವಿತ್ತು. ಮರುವರ್ಷದಿಂದ 405 ಆಯಿತು. ತೂಕ ಸುಮಾರು 1,415 ಕಿಲೋಗ್ರಾಂ. ಮುಂದಿನ ಚಕ್ರಗಳು 17 ಅಂಗುಲ ವ್ಯಾಸದವು, ಒಂಬತ್ತೂವರೆ ಅಂಗುಲ ಅಗಲ. ಹಿಂದಿನವು 18 ಅಂಗುಲ ವ್ಯಾಸ, ಹತ್ತೂವರೆ ಅಂಗುಲ ಅಗಲ. ಟೈರುಗಳು ಮುಂದೆ 265 ಮಿಲಿಮೀಟರು, ಹಿಂದೆ 295 ಮಿಲಿಮೀಟರು ಅಗಲವಾದವು. ಕಾರ್ಖಾನೆಯವರು ವಿಧಿಸಿದ ಗಾಳಿ ಚದರಂಗುಲಕ್ಕೆ 30 ಪೌಂಡು. ಈ ಅಂಕಿಗಳನ್ನು ಶ್ರೋತೃಗಳು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕ ಸುಲಭವಾಗುತ್ತದೆ.

ಚಾಲಕನೂ ಸೇರಿ ಗಾಡಿಯ ತೂಕ 1,490 ಕಿಲೋ ಎನ್ನೋಣ. 30 ಪೌಂಡಿನ ಒತ್ತಡವೆಂದರೆ ಚದರ ಸೆಂಟಿಮೀಟರಿಗೆ ಎರಡು ಕಿಲೋಗಿಂತ ತುಸು ಹೆಚ್ಚು. ಈ ತೂಕವನ್ನು ಈ ಒತ್ತಡದಿಂದ ಭಾಗಿಸಿದರೆ ನೆಲಕ್ಕೆ ಅಂಟಿದ ರಬ್ಬರಿನ ಒಟ್ಟು ವಿಸ್ತೀರ್ಣ ಸುಮಾರು 700 ಚದರ ಸೆಂಟಿಮೀಟರು, ಒಂದೊಂದು ಟೈರಿಗೆ 175ರಷ್ಟು ಬರುತ್ತದೆ. ಟೈರಿನ ಮಗ್ಗುಲಿನ ಬಿಗುವು ಈ ಲೆಕ್ಕವನ್ನು ಸ್ವಲ್ಪ ಅತ್ತಿತ್ತ ಮಾಡಬಹುದಾದರೂ ಅಂದಾಜು ಸರಿಯೇ. ಎಂದರೆ, ಬೆರಳು ಚಾಚಿ ನೆಲದ ಮೇಲೆ ಊರಿದ ಒಂದು ಕೈಯಷ್ಟು ಜಾಗ. ನಾಲ್ಕು ನೂರು ಕುದುರೆಗಳು ಎಳೆಯುವುದು ಇಂತಹ ಎರಡು ಕೈಗಳನ್ನು ನೆಚ್ಚಿಕೊಂಡು. ಇಡೀ ಗಾಡಿ ತಿರುಗುವುದು ನಾಲ್ಕನ್ನು ನೆಚ್ಚಿಕೊಂಡು.

ಆ ಜಾಗದಲ್ಲಿ ರಬ್ಬರು ಮಾಡುವ ಕೆಲಸ ಎರಡು ಬಗೆಯದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಸ್ತೆಯ ಮೇಲ್ಮೈಯೆಲ್ಲ ಬೆಟ್ಟಗುಡ್ಡ. ಮೆತ್ತನೆಯ ರಬ್ಬರು ಆ ಗುಡ್ಡಗಳ ನಡುವೆ ಇಳಿದು ಹಿಡಿದುಕೊಳ್ಳುತ್ತದೆ. ಜಾರಹೊರಟಾಗ ಅಲ್ಲಿಂದ ಮೆಲ್ಲಗೆ, ಒಲ್ಲದ ಮನಸ್ಸಿನಿಂದ, ಮೊದಲಿನ ಆಕಾರಕ್ಕೆ ಬರುತ್ತದೆ. ಈ ಒಲ್ಲದತನವೇ ಹಿಡಿತದ ಒಂದು ಮೂಲ. ರಬ್ಬರಿನ ಅಣುಗಳು ನೆಲದ ಅಣುಗಳಿಗೆ ಕ್ಷಣಮಾತ್ರ ಅಂಟಿ ಬಿಡುವುದು ಎರಡನೆಯ ಮೂಲ. ಎರಡಕ್ಕೂ ರಬ್ಬರು ತಕ್ಕಷ್ಟು ಬೆಚ್ಚಗಿರಬೇಕು. ತಣ್ಣಗಿದ್ದರೆ ಗಟ್ಟಿಯಾಗಿ ಗುಡ್ಡಗಳ ತುದಿಯ ಮೇಲೆಯೇ ತೇಲುತ್ತದೆ. ಮಿತಿ ಮೀರಿ ಕಾದರೆ ಬಲಗುಂದಿ ಜಾರುತ್ತದೆ. ಆಟೋಕ್ರಾಸಿನ ಕಷ್ಟವೆಲ್ಲ ಇಲ್ಲೇ ಇದೆ. ಸುತ್ತು ಓಟದ ಪಂದ್ಯದಲ್ಲಿ ಟೈರನ್ನು ಕಾಯಿಸಿಕೊಳ್ಳಲು ಒಂದೆರಡು ಸುತ್ತು ಸಿಗುತ್ತದೆ. ಇಲ್ಲಿ ಮೊದಲನೆಯ ತಿರುವು ಬರುವುದು ಮೂರನೆಯ ಸೆಕೆಂಡಿನಲ್ಲಿ. ಟೈರು ಕಾಯುವ ವೇಳೆಗೆ ಓಟವೇ ಮುಗಿದಿರುತ್ತದೆ.

ಇನ್ನೊಂದು ಗುಣವನ್ನು ತಿಳಿದರೆ ಅರ್ಧ ವಿಷಯ ತಿಳಿದ ಹಾಗೆ. ಟೈರಿನ ಮೇಲೆ ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ. ಆದರೆ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ. ಒಂದು ಮೂಟೆ ಹೊತ್ತು ಸಲೀಸಾಗಿ ನಡೆಯುವ ಆಳು ಎರಡು ಮೂಟೆ ಹೊತ್ತಾಗ ಅದೇ ಸಲೀಸಿನಿಂದ ನಡೆಯಲಾರನಷ್ಟೆ. ಈಗ ನಮ್ಮ ಗಾಡಿ ಎಡಕ್ಕೆ ತಿರುಗುತ್ತದೆಂದು ಭಾವಿಸಿರಿ. ಭಾರವು ಬಲಗಡೆಯ ಚಕ್ರಗಳ ಮೇಲೆ ವಾಲುತ್ತದೆ. ಗುರುತ್ವಕೇಂದ್ರ ನೆಲದಿಂದ 45 ಸೆಂಟಿಮೀಟರು ಎತ್ತರದಲ್ಲಿದೆ, ಎಡಬಲ ಚಕ್ರಗಳ ನಡುವೆ 158 ಸೆಂಟಿಮೀಟರು ಅಂತರವಿದೆ, ತಿರುವಿನಲ್ಲಿ ಹೊರಕ್ಕೆಳೆಯುವ ಬಲ ಗಾಡಿಯ ತೂಕದಷ್ಟೇ ಇದೆ ಎಂದು ಇಟ್ಟುಕೊಂಡರೆ, ಒಳಮಗ್ಗುಲಿನಿಂದ ಹೊರಮಗ್ಗುಲಿಗೆ ಸುಮಾರು 425 ಕಿಲೋ ಭಾರ ಸಾಗಿಹೋಗುತ್ತದೆ. ಎರಡು ಕಡೆಯೂ 745 ಕಿಲೋ ಇದ್ದದ್ದು ಒಳಗೆ 320, ಹೊರಗೆ 1,170 ಆಗುತ್ತದೆ. ಒಳಗಿನ ಟೈರುಗಳು ಕಳೆದುಕೊಂಡ ಹಿಡಿತವನ್ನು ಹೊರಗಿನವು ಪೂರ್ತಿಯಾಗಿ ತುಂಬಿಕೊಡಲಾರವು. ಆದಕಾರಣ ಪ್ರತಿಯೊಂದು ತಿರುವಿನಲ್ಲಿಯೂ ಗಾಡಿಗೆ ಒಟ್ಟಿನ ಮೇಲೆ ನಷ್ಟವೇ.

ಈ ಲೆಕ್ಕದಲ್ಲಿ ಸ್ಪ್ರಿಂಗಿನ ಹೆಸರು ಎಲ್ಲಿಯೂ ಬರಲಿಲ್ಲವೆಂಬುದನ್ನು ಶ್ರೋತೃಗಳು ಗಮನಿಸಿರಬಹುದು. ಬಿಗಿಯಾದ ಸ್ಪ್ರಿಂಗು ಹಾಕಿದರೆ ಗಾಡಿ ವಾಲುವುದು ಕಡಿಮೆಯಾಗಿ ಕಾಣುತ್ತದೆ; ನೋಡುವವರಿಗೆ ಚೆನ್ನಾಗಿರುತ್ತದೆ. ಆದರೆ ಸಾಗಿಹೋಗುವ ಭಾರ ಹೆಚ್ಚುಕಡಿಮೆ ಅಷ್ಟೇ. ಗಾಡಿಯನ್ನು ಹೊಂದಿಸುವವನು ಮಾಡಬಲ್ಲದ್ದು, ಆ 425 ಕಿಲೋವಿನಲ್ಲಿ ಮುಂದಿನ ಜೋಡಿ ಎಷ್ಟನ್ನು ಹೊರಬೇಕು, ಹಿಂದಿನ ಜೋಡಿ ಎಷ್ಟನ್ನು ಹೊರಬೇಕು ಎಂದು ಹಂಚುವುದು ಮಾತ್ರ. ಮನೆಗೆ ಸಂಪಾದನೆ ತರುವುದು ಟೈರು. ಉಳಿದ ಹೊಂದಾಣಿಕೆಯೆಲ್ಲ ಆ ಸಂಪಾದನೆ ಪೋಲಾಗದಂತೆ ನೋಡಿಕೊಂಡು ಅಣ್ಣತಮ್ಮಂದಿರಿಗೆ ಹಂಚಿಕೊಡುವ ಯಜಮಾನಿಕೆ. ಸಾಲದ ಸಂಪಾದನೆಯನ್ನು ಎಷ್ಟು ಜಾಣತನದಿಂದ ಹಂಚಿದರೂ ಯಾರ ಹೊಟ್ಟೆಯೂ ತುಂಬದು. ಹೊಸದಾಗಿ ಈ ಆಟಕ್ಕೆ ಬಂದ ಹಣವಂತ ತರುಣರು ಮೊದಲು ಸದ್ದು ಮಾಡುವ ಹೊಗೆಕೊಳವೆಯನ್ನು ಕೊಂಡು, ಟೈರಿಗೆ ಬಂದಾಗ ಚೌಕಾಸಿ ಮಾಡುವುದು ನಮಗೆ ಯಾವಾಗಲೂ ವಿಚಿತ್ರವಾಗಿ ತೋರುತ್ತದೆ.

ಹಾಗಾದರೆ ಯಾವ ಟೈರು? ಅಂಗಡಿಯಲ್ಲಿ ಕಾಣುವವುಗಳನ್ನು ಸ್ಥೂಲವಾಗಿ ಮೂರು ತೆರನಾಗಿ ಎಣಿಸಬಹುದು. ದೈನಂದಿನ ಉಪಯೋಗಕ್ಕೂ ವೇಗಕ್ಕೂ ಆಗುವ ಬೇಸಗೆಯ ಟೈರು ಒಂದು. ರಸ್ತೆಗೆ ಕಾನೂನು ಪ್ರಕಾರ ಸಲ್ಲುವುದಾದರೂ ಪಂದ್ಯವನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಮೆತ್ತನೆಯ ಟೈರು ಇನ್ನೊಂದು. ಹೆಸರಿಗೆ ಎರಡು ಗೀರು ಎಳೆದ, ನಿಜಕ್ಕೂ ಪಂದ್ಯದ್ದೇ ಆದ ಟೈರು ಮೂರನೆಯದು. ಮೂರನೆಯದಕ್ಕೆ ಹೂಸಿಯರ್ ಸಂಸ್ಥೆಯ ಎ-7 ಪ್ರಸಿದ್ಧ ಉದಾಹರಣೆ. ಅದು ಕ್ಷಣದಲ್ಲಿ ಕಾಯುತ್ತದೆ, ಅಂಟಿನಂತೆ ಹಿಡಿಯುತ್ತದೆ, ಹಾಗೆಯೇ ಬೇಗ ಮುಗಿದೂ ಹೋಗುತ್ತದೆ. ಅದರ ಜೊತೆಗಾರನಾದ ಆರ್-7 ದೀರ್ಘವಾದ ಸುತ್ತು ಓಟಕ್ಕೆ ಸಲ್ಲುವಂಥದು. ಹೆಚ್ಚು ಬಾಳುವುದೆಂದು ಅದನ್ನು ಆಟೋಕ್ರಾಸಿಗೆ ತಂದರೆ, ಅದು ಎಚ್ಚರಗೊಳ್ಳುವ ಮುನ್ನವೇ ಗಡಿಯಾರ ನಿಂತಿರುತ್ತದೆ.

ಮಾರ್ಪಾಡುಗಳಿಲ್ಲದ ಗಾಡಿಗಳಿಗೆಂದು ಏರ್ಪಟ್ಟ ವರ್ಗದಲ್ಲಿ ಎ-7ರಂತಹ ಟೈರಿಗೆ ಅವಕಾಶವಿಲ್ಲ. ಈಚಿನ ವರ್ಷಗಳ ನಿಯಮದಂತೆ ಅಲ್ಲಿ ಟೈರಿನ ಟ್ರೆಡ್‌ವೇರ್ ಅಂಕ 200ಕ್ಕೆ ಕಡಿಮೆಯಿರಕೂಡದು. ಈ ಅಂಕದ ಕಥೆ ಸ್ವಾರಸ್ಯವಾದುದು. ಅಮೆರಿಕದ ಸರ್ಕಾರ ಕೊಳ್ಳುವವರ ಅನುಕೂಲಕ್ಕಾಗಿ ಸವೆತದ ಮಾನವೊಂದನ್ನು ಗೊತ್ತುಮಾಡಿತು. ಟೆಕ್ಸಾಸ್ ಪ್ರಾಂತದ ಸಾನ್ ಆಂಜೆಲೊ ಊರಿನ ಸುತ್ತ 400 ಮೈಲಿಯ ಸಾರ್ವಜನಿಕ ಹಾದಿಯೊಂದಿದೆ. ಅದರಲ್ಲಿ ಹೊಸ ಟೈರನ್ನೂ ಮಾದರಿಯ ಟೈರನ್ನೂ ಒಟ್ಟು 7,200 ಮೈಲಿ ಓಡಿಸಿ ಸವೆತವನ್ನು ಹೋಲಿಸುತ್ತಾರೆ. ಮಾದರಿಗೆ 100 ಅಂಕವೆಂದರೆ, ಅದರ ಎರಡರಷ್ಟು ಬಾಳುವುದಕ್ಕೆ 200. ಕೇಳುವುದಕ್ಕೆ ಖಚಿತವಾಗಿದೆ. ಆದರೆ ಟೈರಿನ ಮಗ್ಗುಲ ಮೇಲೆ ಈ ಅಂಕವನ್ನು ಅಚ್ಚೊತ್ತುವವನು ತಯಾರಕನೇ ಹೊರತು ಸರ್ಕಾರವಲ್ಲ. ಅಲ್ಲದೆ ಸಾರ್ವಜನಿಕ ಹಾದಿಯ ಸಾವಧಾನದ ಓಟದಲ್ಲಿ ಕಂಡ ಸವೆತಕ್ಕೂ ಲಿಂಕನ್ನಿನ ಒರಟು ಕಾಂಕ್ರೀಟಿನ ಮೇಲೆ ಆಗುವ ಸವೆತಕ್ಕೂ ಸಂಬಂಧ ಅಷ್ಟಕ್ಕಷ್ಟೆ. ಪಂದ್ಯದ ನಿಯಮದಲ್ಲಿ 200 ಎಂದು ಬರೆದ ಮೇಲೆ ತಯಾರಕರು ಆ ಗೆರೆಯನ್ನು ಮುಟ್ಟಿಕೊಂಡೇ ನಿಲ್ಲುವ ಟೈರುಗಳನ್ನು ಮಾಡತೊಡಗಿದರು. ಮಗ್ಗುಲ ಮೇಲೆ ಒಂದೇ ಅಂಕ. ಸ್ವಭಾವ ಮಾತ್ರ ಒಂದೊಂದರದು ಒಂದೊಂದು.

ಯೊಕೊಹಾಮ ಸಂಸ್ಥೆಯ ಅಡ್ವಾನ್ ಎ-052 ಎಂಬುದನ್ನು ತೆಗೆದುಕೊಳ್ಳಿ. ಹೆಚ್ಚು ಬಿಸಿಯನ್ನು ಬೇಡದೆ ಮೊದಲನೆಯ ಓಟದಲ್ಲಿಯೇ ಅದು ತನ್ನ ಪೂರ್ಣ ಹಿಡಿತವನ್ನು ಕೊಡುತ್ತದೆ. ಒದ್ದೆ ನೆಲದಲ್ಲೂ ಒಳ್ಳೆಯದು. ಆದರೆ ಓಟದ ಮೇಲೆ ಓಟವಾದಾಗ ಬೇಗ ಮಿತಿಮೀರಿ ಕಾಯುತ್ತದೆ, ಸವೆಯುವುದೂ ಬೇಗ. ಹ್ಯಾಂಕುಕ್ ಸಂಸ್ಥೆಯ ಆರ್‌ಎಸ್-4ಕ್ಕೂ ಇರುವುದು ಅದೇ 200 ಅಂಕವೇ. ಅದು ನಿಧಾನವಾಗಿ ಕಾಯುತ್ತದೆ, ಶಿಖರದ ಹಿಡಿತ ಕಡಿಮೆ. ಆದರೆ ಬಾಳಿಕೆಯಲ್ಲಿ ಎ-052 ಅದರ ಹತ್ತಿರ ಸುಳಿಯಲಾರದು. ಬ್ರಿಡ್ಜ್‌ಸ್ಟನ್ ಸಂಸ್ಥೆಯ ಆರ್‌ಇ-71ಆರ್‌ಎಸ್ ಹಿಡಿತದಲ್ಲಿ ಮೊದಲನೆಯದರ ಪಂಕ್ತಿಗೇ ಸೇರುವುದಾದರೂ, ಸ್ಟೀರಿಂಗಿಗೆ ಥಟ್ಟನೆ ಉತ್ತರ ಕೊಡುವ ಗುಣಕ್ಕೆ ಹೆಸರಾಗಿದೆ. ಇವುಗಳಲ್ಲಿ ಯಾವುದು ಉತ್ತಮ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾರಿಗೆ, ಯಾವ ದಿನಕ್ಕೆ ಎಂದು ಕೇಳಬೇಕು. ಒಬ್ಬನೇ ಚಾಲಕ, ತಣ್ಣನೆಯ ಮುಂಜಾವು, ಮೂರೇ ಓಟ ಎಂದಿದ್ದರೆ ಬೇಗ ಕಾಯುವ ಟೈರಿಗೆ ಸಮನಿಲ್ಲ. ಗಂಡಹೆಂಡಿರಿಬ್ಬರು ಒಂದೇ ಗಾಡಿಯನ್ನು ಸರದಿಯಂತೆ ಓಡಿಸುವ ರೂಢಿ ಅಲ್ಲಿ ಸಾಮಾನ್ಯ. ಆಗ ಟೈರಿಗೆ ಬಿಡುವೇ ಇಲ್ಲ. ಸರದಿಯ ನಡುವೆ ಗಿಡಕ್ಕೆ ಔಷಧ ಹೊಡೆಯುವ ಪಂಪಿನಂಥ ಸಿಂಪಡಕದಿಂದ ಟೈರಿಗೆ ನೀರು ಚಿಮುಕಿಸಿ ತಣಿಸುವುದನ್ನು ಅಲ್ಲಿ ನೋಡಬಹುದು. ಹೊಸಬರಿಗೆ ಇದು ತಮಾಷೆಯಾಗಿ ಕಂಡರೂ ಕೆಲಸ ಗಂಭೀರವಾದುದೇ. ಇನ್ನು ವರ್ಷವೆಲ್ಲ ಅಭ್ಯಾಸ ಮಾಡಿ ಕಲಿಯಬೇಕೆನ್ನುವ ಹೊಸಬನಿಗೆ ಆರ್‌ಎಸ್-4ರಂಥ ಬಾಳುವ ಟೈರೇ ಸರಿಯೆಂದು ನಮ್ಮ ಅಭಿಪ್ರಾಯ. ಅರ್ಧ ಸೆಕೆಂಡು ಹಿಂದೆ ಬಿದ್ದರೂ ಅವನು ಇಮ್ಮಡಿ ಓಟಗಳನ್ನು ಓಡಿರುತ್ತಾನೆ.

ಅಳತೆಯ ವಿಚಾರದಲ್ಲಿ ಬೇಗ ಮುಂದೆ ಹೋಗಬಹುದು. ಆ ವರ್ಗದಲ್ಲಿ ಚಕ್ರದ ಅಗಲವನ್ನು ಬದಲಿಸುವಂತಿಲ್ಲ. ವ್ಯಾಸವನ್ನು ಒಂದಂಗುಲ ಏರಿಸಬಹುದು, ಇಳಿಸಬಹುದು. ಅಗಲವಾದ 17 ಅಂಗುಲದ ಟೈರುಗಳು ಅಂಗಡಿಯಲ್ಲಿ ವಿರಳವಾಗುತ್ತ ಬಂದದ್ದರಿಂದ ಕಾರ್ವೆಟ್ಟಿನವರು ಮುಂದೆಯೂ 18 ಅಂಗುಲದ ಚಕ್ರಗಳನ್ನು ಹಾಕಿ, 265ರ ಬದಲು 275 ಮಿಲಿಮೀಟರಿನ ಟೈರನ್ನು ತೊಡಿಸುವುದುಂಟು. ಚಕ್ರ ಹಿಡಿಸಲಾರದಷ್ಟು ಅಗಲವಾದ ಟೈರನ್ನು ಹಿಂಡಿ ಕೂರಿಸಿದರೆ ಮಗ್ಗುಲುಗಳು ಉಬ್ಬಿ, ತಿರುವಿನಲ್ಲಿ ಓಲಾಡಿ, ಪಡೆದ ಲಾಭವನ್ನು ಹಿಂದಕ್ಕೆ ಕಸಿದುಕೊಳ್ಳುತ್ತವೆ. ಹಿಂದಿನ ಟೈರಿನ ಎತ್ತರ ಗೇರಿನ ಲೆಕ್ಕಕ್ಕೆ ಸೇರಿದ್ದು. 295ರ ಟೈರಿನೊಡನೆ ಈ ಗಾಡಿ ಎರಡನೆಯ ಗೇರಿನಲ್ಲಿಯೇ ಗಂಟೆಗೆ ಸುಮಾರು 115 ಕಿಲೋಮೀಟರು ವೇಗದವರೆಗೆ ಹೋಗಬಲ್ಲದು; ಆಟೋಕ್ರಾಸಿನ ಹೆಚ್ಚಿನ ಹಾದಿಗಳಿಗೆ ಅಷ್ಟು ಸಾಕು, ನಡುವೆ ಗೇರು ಬದಲಿಸುವ ಗೊಡವೆಯಿಲ್ಲ. ಎತ್ತರ ತಗ್ಗಿಸಿದರೆ ಎಳೆತ ಹೆಚ್ಚುತ್ತದೆ, ಆದರೆ ಆ ವೇಗ ಇಳಿಯುತ್ತದೆ.

ಟೈರು ಬಂದ ಮೇಲೆ ಮಾಡಬೇಕಾದ ಮೊದಲನೆಯ ಹೊಂದಾಣಿಕೆ ಗಾಳಿ. ಖರ್ಚಿಲ್ಲದ ಈ ಕೆಲಸಕ್ಕೆ ಸಿಗುವ ಫಲ ದುಬಾರಿ ಸಾಮಾನುಗಳಿಗೂ ಸಿಗುವುದಿಲ್ಲ. ಗಾಳಿ ಕಡಿಮೆಯಾದರೆ ತಿರುವಿನಲ್ಲಿ ಟೈರು ತನ್ನ ಅಂಚನ್ನು ದಾಟಿ ಮಗ್ಗುಲ ಮೇಲೆಯೇ ಹೊರಳುತ್ತದೆ; ಹೆಚ್ಚಾದರೆ ನಡುವೆ ಉಬ್ಬಿ ಎರಡು ಅಂಚುಗಳೂ ನೆಲವನ್ನು ಬಿಡುತ್ತವೆ. ಸರಿಯಾದ ಅಳತೆಯನ್ನು ಕಂಡುಹಿಡಿಯಲು ಶಾಲೆಯ ಸೀಮೆಸುಣ್ಣ ಸಾಕು. ಮೇಲ್ಮೈ ಮುಗಿದು ಮಗ್ಗುಲು ಆರಂಭವಾಗುವ ಕಡೆ, ಟೈರಿನ ಸುತ್ತ ಮೂರು ನಾಲ್ಕು ಸ್ಥಳಗಳಲ್ಲಿ ಸುಣ್ಣದ ಪಟ್ಟಿ ಎಳೆಯಬೇಕು. ಅನೇಕ ಟೈರುಗಳಲ್ಲಿ ಅಲ್ಲೊಂದು ಪುಟ್ಟ ತ್ರಿಕೋನದ ಗುರುತಿರುತ್ತದೆ. ಒಂದು ಓಟ ಓಡಿ ಬಂದು ನೋಡಿದರೆ ಟೈರು ಎಲ್ಲಿಯವರೆಗೆ ಹೊರಳಿತೋ ಅಲ್ಲಿಯವರೆಗೆ ಸುಣ್ಣ ಅಳಿಸಿಹೋಗಿರುತ್ತದೆ. ತ್ರಿಕೋನದ ತುದಿಯವರೆಗೆ ಅಳಿಸಿದ್ದರೆ ಸಾಧಾರಣವಾಗಿ ಸರಿ. ಅದನ್ನು ದಾಟಿ ಅಳಿಸಿದ್ದರೆ ಒಂದೆರಡು ಪೌಂಡು ಗಾಳಿ ಸೇರಿಸಬೇಕು. ಅಲ್ಲಿಗೆ ಮುಟ್ಟಿಯೇ ಇಲ್ಲವಾದರೆ ಬಿಡಬೇಕು. ಬಿಸಿಲು ಏರಿದಂತೆ ಒತ್ತಡವೂ ತಾನಾಗಿ ಏರುತ್ತದೆಂಬುದನ್ನು ಮರೆಯಬಾರದು. ಒಳಗಿನ ಗಾಳಿ ಆರೇಳು ಡಿಗ್ರಿ ಸೆಂಟಿಗ್ರೇಡು ಕಾದರೆ ಸುಮಾರು ಒಂದು ಪೌಂಡು ಏರುತ್ತದೆ. ಬೆಳಗ್ಗೆ ಸರಿಮಾಡಿದ್ದು ಮಧ್ಯಾಹ್ನಕ್ಕೆ ಸರಿಯಿರುವುದಿಲ್ಲ. ಪ್ರತಿ ಓಟದ ಮುಂಚೆಯೂ ಅಳೆಯಬೇಕು.

ಎರಡನೆಯದು ವೀಲ್ ಅಲೈನ್‌ಮೆಂಟು. ಇದರಲ್ಲಿ ಕ್ಯಾಂಬರ್ ಎಂಬುದು ಚಕ್ರದ ವಾಲು. ಮುಂದಿನಿಂದ ನೋಡಿದಾಗ ಚಕ್ರದ ತಲೆ ಗಾಡಿಯ ಕಡೆಗೆ ತುಸು ಬಾಗಿರುವಂತೆ ಮಾಡುತ್ತಾರೆ. ಕಾರಣವೇನೆಂದರೆ, ತಿರುವಿನಲ್ಲಿ ಗಾಡಿ ಹೊರಕ್ಕೆ ವಾಲಿದಾಗ ಹೊರಗಿನ ಚಕ್ರವೂ ಅದರೊಡನೆ ವಾಲಿ ಟೈರು ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಮೊದಲೇ ಒಳಕ್ಕೆ ಬಾಗಿಸಿದ್ದರೆ ಆ ಕ್ಷಣದಲ್ಲಿ ನೆಟ್ಟಗಾಗಿ ಪೂರ್ತಿ ಅಗಲದಿಂದ ನೆಲವನ್ನು ಹಿಡಿಯುತ್ತದೆ. ಕಾರ್ವೆಟ್ಟಿನಲ್ಲಿ ಇದನ್ನು ಬದಲಿಸಲು ಕಾರ್ಖಾನೆಯವರೇ ಬೋಲ್ಟುಗಳನ್ನು ಇಟ್ಟಿದ್ದಾರೆ. ಮುಂದಿನ ಚಕ್ರಗಳಿಗೆ ಅವು ಕೊಡುವಷ್ಟನ್ನೂ ತೆಗೆದುಕೊಳ್ಳುವುದು ಪಂದ್ಯದವರ ವಾಡಿಕೆ. ಹಿಂದೆ ಅದಕ್ಕಿಂತ ಕಡಿಮೆ, ಏಕೆಂದರೆ ಹಿಂದಿನ ಟೈರು ನೆಟ್ಟಗೆ ನಿಂತು ಎಂಜಿನಿನ ಎಳೆತವನ್ನೂ ಹೊರಬೇಕು. ಓಟ ಮುಗಿದ ತಕ್ಷಣ ಟೈರಿನ ಒಳ ಅಂಚು, ನಡು, ಹೊರ ಅಂಚುಗಳಿಗೆ ಮೊನೆಯುಳ್ಳ ಉಷ್ಣಮಾಪಕವನ್ನು ಚುಚ್ಚಿ ನೋಡಿದರೆ ಯಾವ ಭಾಗ ಹೆಚ್ಚು ದುಡಿದಿದೆಯೆಂದು ತಿಳಿಯುತ್ತದೆ. ಆದರೆ ಐವತ್ತು ಸೆಕೆಂಡಿನ ಓಟದಲ್ಲಿ ಈ ಅಂಕಿಗಳನ್ನು ಅತಿಯಾಗಿ ನಂಬುವಂತಿಲ್ಲ. ಹೊರ ಅಂಚಿನ ಸವೆತ ಅದಕ್ಕಿಂತ ಸತ್ಯವಂತ ಸಾಕ್ಷಿ.

ಟೋ ಎಂಬುದು, ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿಗಳು ಒಂದಕ್ಕೊಂದು ಹತ್ತಿರವಾಗಿವೆಯೋ ದೂರವಾಗಿವೆಯೋ ಎಂಬ ಲೆಕ್ಕ. ಮುಂದಿನವು ಒಂದೆರಡು ಮಿಲಿಮೀಟರಿನಷ್ಟು ಹೊರಕ್ಕೆ ನೋಡಿದರೆ ಗಾಡಿ ತಿರುವಿಗೆ ಬೇಗ ಬಾಗುತ್ತದೆ. ಅದರ ಬೆಲೆಯಾಗಿ ಹೆದ್ದಾರಿಯಲ್ಲಿ ಅತ್ತಿತ್ತ ಅಲೆಯುತ್ತದೆ, ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ಹಿಂದಿನವು ಎಂದಿಗೂ ಹೊರಕ್ಕೆ ನೋಡಕೂಡದು. ತುಸು ಒಳಕ್ಕೇ ಇರಬೇಕು. ನಾಲ್ಕು ನೂರು ಕುದುರೆಯ ಗಾಡಿಯಲ್ಲಿ ಇದನ್ನು ಅಲಕ್ಷಿಸಿದವನಿಗೆ ಪಂದ್ಯದ ಬಯಲಿನಲ್ಲಿ ಶಂಕುಗಳು ಮಾತ್ರ ಉರುಳಿಯಾವು. ಹೆದ್ದಾರಿಯ ಮಳೆಯಲ್ಲಿ ಹಾಗಲ್ಲ.

ಮೂರನೆಯದಾಗಿ, ನಾವು ಹೇಳಿದ ಹಂಚಿಕೆಯ ಸಾಧನ. ಎಡಬಲ ಚಕ್ರಗಳನ್ನು ಜೋಡಿಸುವ, ತಿರುಚಿದಾಗ ಸ್ಪ್ರಿಂಗಿನಂತೆ ವರ್ತಿಸುವ ಉಕ್ಕಿನ ಸಲಾಕೆಗೆ ಆಂಟಿ-ರೋಲ್ ಬಾರ್ ಎನ್ನುತ್ತಾರೆ. ಮುಂದಿನ ಸಲಾಕೆಯನ್ನು ದಪ್ಪಗೊಳಿಸಿದರೆ ಸಾಗಿಹೋಗುವ ಭಾರದಲ್ಲಿ ಹೆಚ್ಚಿನ ಪಾಲು ಮುಂದಿನ ಜೋಡಿಗೆ ಬೀಳುತ್ತದೆ. ಮುಂದಿನ ಹಿಡಿತ ಸ್ವಲ್ಪ ಕುಗ್ಗುತ್ತದೆ, ಹಿಂದಿನದು ಹೆಚ್ಚುತ್ತದೆ. ಹಿಂದಿನ ಸಲಾಕೆ ದಪ್ಪವಾದರೆ ಇದಕ್ಕೆ ವಿರುದ್ಧ. ಆ ವರ್ಗದ ನಿಯಮ ಎರಡರಲ್ಲಿ ಒಂದನ್ನು ಮಾತ್ರ ಬದಲಿಸಲು ಬಿಡುತ್ತದೆ. ಕಾರ್ವೆಟ್ಟಿನವರಲ್ಲಿ ಮುಂದಿನದನ್ನು ಆರಿಸುವವರೇ ಹೆಚ್ಚು. ಮುಂದಿನ ಹಿಡಿತವನ್ನು ಬೇಕೆಂದೇ ಕುಗ್ಗಿಸುವುದು ಮೊದಲಿಗೆ ಹುಚ್ಚುತನವಾಗಿ ಕಾಣುತ್ತದೆ. ಆದರೆ ಆ ಗಾಡಿಯ ಕಷ್ಟವಿರುವುದು ತಿರುವಿನಿಂದ ಹೊರಬರುವಾಗ. ಒಳಗಿನ ಹಿಂದಿನ ಚಕ್ರ ಹಗುರಾಗಿ ಸುಮ್ಮನೆ ಸುತ್ತಿದರೆ ಅಷ್ಟೂ ಬಲ ಹೊಗೆಯಾಗುತ್ತದೆ. ಮುಂದಿನ ಸಲಾಕೆ ಆ ಚಕ್ರವನ್ನು ನೆಲಕ್ಕೆ ಊರಿಸುತ್ತದೆ. ಮುಂದೆ ಕಳೆದುಕೊಂಡದ್ದನ್ನು ಕ್ಯಾಂಬರಿನಿಂದಲೂ ಅಗಲವಾದ ಟೈರಿನಿಂದಲೂ ಮರಳಿ ಪಡೆಯುತ್ತಾರೆ. ಒಳ್ಳೆಯ ಷಾಕ್ ಅಬ್ಸಾರ್ಬರುಗಳು ಭಾರ ಎಷ್ಟು ಸಾಗಬೇಕೆಂಬುದನ್ನಲ್ಲ, ಎಷ್ಟು ಬೇಗ ಸಾಗಬೇಕೆಂಬುದನ್ನು ಆಳುತ್ತವೆ. ಅವುಗಳ ಬೆಲೆ ನಾಲ್ಕೈದು ಜೊತೆ ಟೈರಿನ ಬೆಲೆಯನ್ನು ಮುಟ್ಟುವುದುಂಟಾದ್ದರಿಂದ ಹೊಸಬರು ಅವುಗಳ ಯೋಚನೆಯನ್ನು ಎರಡು ವರ್ಷ ಮುಂದೂಡಿದರೆ ನಷ್ಟವಿಲ್ಲ. ಏನನ್ನು ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಆ ದಿನದ ಬಿಸಿಲು, ಗಾಳಿಯ ಅಳತೆ, ಕಾಲ ಇವನ್ನು ಪುಸ್ತಕದಲ್ಲಿ ಬರೆದಿಡಬೇಕು. ಒಟ್ಟಿಗೆ ಮೂರು ಔಷಧ ಕುಡಿದ ರೋಗಿಗೆ ಯಾವುದರಿಂದ ಗುಣವಾಯಿತೆಂದು ವೈದ್ಯನೂ ಹೇಳಲಾರ.

ಪಂದ್ಯ ಮುಗಿದ ಮೇಲೆ ಮನೆಗೆ ಹೋಗುವುದೊಂದಿದೆ. ಬಯಲಿನಲ್ಲಿ ಜಾರಿದರೆ ಹೋಗುವುದು ಎರಡು ಸೆಕೆಂಡು. ಹಾದಿಯಲ್ಲಿ ಜಾರಿದರೆ ಏನು ಹೋದೀತೆಂದು ಹೇಳಬೇಕಾಗಿಲ್ಲ. ಹೂಸಿಯರಿನಂತಹ ಟೈರಿನ ಎರಡು ಗೀರುಗಳು ನಿಂತ ನೀರನ್ನು ಹೊರಹಾಕಲಾರವು; ಟೈರು ನೀರಿನ ಮೇಲೆ ದೋಣಿಯಂತೆ ತೇಲುತ್ತದೆ. ಅದಕ್ಕಾಗಿಯೇ ಅವನ್ನು ಬಯಲಿನಲ್ಲಿಯೇ ಕಳಚಿ ಬೇರೆ ಚಕ್ರಗಳನ್ನು ಹಾಕಿಕೊಂಡು ಹೋಗುವವರಿದ್ದಾರೆ. 200 ಅಂಕದ ಟೈರು ಹೊಸದಾಗಿದ್ದಾಗ ಮಳೆಯಲ್ಲಿ ನಡೆದೀತು. ಅರ್ಧ ಸವೆದ ಮೇಲೆ ಒಣ ಬಯಲಿನಲ್ಲಿ ಇನ್ನೂ ಗೆಲ್ಲುವ ಸ್ಥಿತಿಯಲ್ಲಿದ್ದರೂ ಮಳೆಗೆ ಅದನ್ನು ನೆಚ್ಚುವಂತಿಲ್ಲ. ಹೆಪ್ಪುಗಟ್ಟುವ ಚಳಿಯಲ್ಲಿ ಈ ಮೆತ್ತನೆಯ ರಬ್ಬರುಗಳು ಗಾಜಿನಂತೆ ಪೆಡಸಾಗಿ, ನಿಂತ ಗಾಡಿಯನ್ನು ಕದಲಿಸಿದ ಮಾತ್ರಕ್ಕೆ ಬಿರುಕುಬಿಡುವುದೂ ಉಂಟು. ಝಡ್-06ರಲ್ಲಿ ಬದಲಿ ಚಕ್ರವನ್ನೇ ಇಟ್ಟಿಲ್ಲ. ಇತರ ಕಾರ್ವೆಟ್ಟುಗಳಿಗಿದ್ದ, ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರುಗಳನ್ನೂ ತೂಕ ಉಳಿಸಲೆಂದು ಬಿಟ್ಟು, ಗಾಳಿ ತುಂಬುವ ಸಣ್ಣ ಪಂಪೊಂದನ್ನು ಕೊಟ್ಟರು. ಪಂದ್ಯಕ್ಕೆ ಬದಲಿಸಿದ ಗಾಳಿಯನ್ನು ಹೊರಡುವ ಮುನ್ನ 30 ಪೌಂಡಿಗೆ ಮರಳಿಸಲು ಆ ಪಂಪು ಸಾಕು.

ಕೊನೆಯದಾಗಿ ಟೈರಿನ ವಯಸ್ಸು. ಇಂತಹ ಗಾಡಿಗಳು ವರ್ಷಕ್ಕೆ ಕೆಲವೇ ಸಾವಿರ ಮೈಲಿ ಓಡಿ ಷೆಡ್ಡಿನಲ್ಲಿ ನಿಲ್ಲತಕ್ಕವು. ಹತ್ತು ವರ್ಷದ ಟೈರಿನ ಗೀರುಗಳು ಹೊಸದರಷ್ಟೇ ಆಳವಾಗಿರಬಹುದು. ಮಾರುವವನು ಅದನ್ನೇ ತೋರಿಸಿ ಬೆಲೆ ಹೇಳಬಹುದು. ಆದರೆ ರಬ್ಬರು ಗಾಳಿಬೆಳಕಿನ ಸಂಪರ್ಕದಿಂದ ಗಟ್ಟಿಯಾಗುತ್ತ ಹೋಗುತ್ತದೆ, ನೆಲದ ಗುಡ್ಡಗಳ ನಡುವೆ ಇಳಿಯುವ ಗುಣವನ್ನು ಕಳೆದುಕೊಳ್ಳುತ್ತದೆ. ನೋಟಕ್ಕೆ ಕುಂದಿಲ್ಲದ ಇಂತಹ ಟೈರುಗಳೊಡನೆ 405 ಕುದುರೆಯ ಗಾಡಿಯನ್ನು ಮೊದಲ ಮಳೆಗೆ ಹೊರತೆಗೆಯುವುದಕ್ಕಿಂತ ಅಪಾಯದ ಕೆಲಸ ಈ ಆಟದಲ್ಲಿ ಬೇರೊಂದಿಲ್ಲ. ಟೈರಿನ ಮಗ್ಗುಲಲ್ಲಿ ಡಿ, ಓ, ಟಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುವ ಸಾಲೊಂದಿರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನು, ಉಳಿದೆರಡು ವರ್ಷವನ್ನು ಹೇಳುತ್ತವೆ. 2319 ಎಂದಿದ್ದರೆ 2019ನೆಯ ವರ್ಷದ ಇಪ್ಪತ್ತಮೂರನೆಯ ವಾರ. ಈ ಅಂಕಿಗಳು ಅನೇಕ ಟೈರುಗಳಲ್ಲಿ ಒಂದೇ ಮಗ್ಗುಲಿನಲ್ಲಿ ಅಚ್ಚಾಗಿರುತ್ತವೆ. ಹೊರಗೆ ಕಾಣದಿದ್ದರೆ ಬ್ಯಾಟರಿ ದೀಪ ಹಿಡಿದು ಗಾಡಿಯ ಕೆಳಗೆ ಬಗ್ಗಿ ಒಳಮಗ್ಗುಲನ್ನು ಓದಬೇಕು.